ಹುಳಿ ಕಡಿಮೆ ಹಾಕಿದ ಎಲೆ

ಕೆಸುವಿನ ಎಲೆಯಿಂದ ಡಿಎನ್‌ಎ ತೆಗೆಯುವುದೆಂದರೆ ಲೋಳೆಯ ಜೊತೆ ಜಗಳಕ್ಕೆ ಇಳಿದ ಹಾಗೆ. ದ್ರವ ಸಾರಜನಕ ಸುರಿದು ಎಲೆಯನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಹಿಟ್ಟಿನಷ್ಟು ನಯವಾಗಿ ಅರೆದು, ಬಿಸಿ ದ್ರಾವಣಕ್ಕೆ ಹಾಕಿ, ತಿರುಗಿಸಿ, ಸೋಸಿ, ಕೊನೆಗೆ ಆಲ್ಕೋಹಾಲ್ ಬಿಟ್ಟಾಗ ಕೊಳವೆಯಲ್ಲಿ ಬಿಳಿ ನೂಲಿನಂತೆ ಡಿಎನ್‌ಎ ತೇಲಿ ಬರಬೇಕು. ನನಗೆ ಮೊದಲ ಮೂರು ವಾರ ಬಂದದ್ದು ಬೆಂಡೆಕಾಯಿ ಹೆಚ್ಚಿದ ಮಣೆಯ ಮೇಲಿನ ಜಿಗುಟು. ಪಿಪೆಟ್ಟಿನಲ್ಲಿ ಎಳೆದರೆ ಬರುವುದಿಲ್ಲ, ಕೊಡವಿದರೆ ಬಿಡುವುದಿಲ್ಲ. ಉಪ್ಪಿನ ಪ್ರಮಾಣ ಹೆಚ್ಚಿಸಿ, ಎಲೆಯ ಪ್ರಮಾಣ ಅರ್ಧಕ್ಕೆ ಇಳಿಸಿ, ತೊಳೆಯುವುದನ್ನು ಮೂರು ಬಾರಿ ಮಾಡಿದ ಮೇಲೆ ಒಂದು ದಿನ ಆ ನೂಲು ಕಂಡಿತು. ನಾನು ಲ್ಯಾಬಿನಲ್ಲೇ ಒಂದು ಸುತ್ತು ಕುಣಿದೆ. ನೋಡಿದವರು ನೋಡದ ಹಾಗೆ ಇದ್ದರು.

ಆಗ ನಾನು ನವಿ ಮುಂಬಯಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಮಳೆಗಾಲದಲ್ಲಿ ಕೆಸುವಿಗೆ ಬರುವ ಎಲೆಕೊಳೆ ನಮ್ಮ ವಿಷಯ. ಮೊದಲು ನೀರಲ್ಲಿ ನೆನೆದಂಥ ಒಂದು ಚುಕ್ಕೆ, ಎರಡು ದಿನಕ್ಕೆ ನಾಣ್ಯದಷ್ಟು, ನಾಲ್ಕನೇ ದಿನ ತಟ್ಟೆಯಷ್ಟು, ವಾರ ಕಳೆದರೆ ದಂಟು ಮಾತ್ರ. ಈ ರೋಗದ ಕಣಗಳು ನೀರಿನಲ್ಲಿ ಈಜಿಕೊಂಡು ಹೋಗುತ್ತವೆ. ನಮ್ಮ ಕಡೆಯ ಮಳೆ ಅವಕ್ಕೆ ಹಬ್ಬವಿದ್ದಂತೆ. ಈ ರೋಗವನ್ನು ತಡೆದುಕೊಳ್ಳುವ ಗಿಡ ಎಲ್ಲಾದರೂ ಇದೆಯೇ, ಇದ್ದರೆ ಅದರ ಯಾವ ಜೀನು ಆ ಕೆಲಸ ಮಾಡುತ್ತದೆ, ಇಷ್ಟು ನಮ್ಮ ಪ್ರಶ್ನೆ.

ನನ್ನ ಸ್ವಂತ ಪ್ರಶ್ನೆ ಬೇರೆ ಇತ್ತು. ಬೆಳೆ ರೋಗಗಳ ತಳಿಶಾಸ್ತ್ರ ಮತ್ತು ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ ಪಿಎಚ್‌ಡಿಗೆ ನಮ್ಮ ಕೇಂದ್ರದಲ್ಲಿ ಆ ವರ್ಷ ಒಂದೇ ಒಂದು ಸೀಟು. ಅದಕ್ಕೂ ಮೊದಲು ಬೇರೆ ಕಡೆ ಎರಡು ಸಂದರ್ಶನಗಳಲ್ಲಿ ನಾನು ಮಕಾಡೆ ಮಲಗಿದ್ದೆ. ಒಂದರಲ್ಲಿ ನನ್ನನ್ನು ಕೇಳಿದ್ದು, ‘ನಿಮ್ಮದೇ ಅಂತ ಹೇಳಿಕೊಳ್ಳುವ ಡೇಟಾ ಏನಿದೆ?’ ನನ್ನ ಹತ್ತಿರ ಇದ್ದದ್ದು ಉತ್ಸಾಹ ಮಾತ್ರ. ಈ ಸಲ ಡೇಟಾ ಮಾಡಿಕೊಂಡೇ ಹೋಗುತ್ತೇನೆ ಎಂದು ಹಟ ತೊಟ್ಟಿದ್ದೆ.

ಆ ಮಳೆಗಾಲ ಪೂರ್ತಿ ಎಲೆ ಹುಡುಕಿಕೊಂಡು ತಿರುಗಿದೆ. ದಿವಾ ಸ್ಟೇಷನ್ನಿನ ಹಿಂದೆ ಖಾಡಿ ಎನ್ನುವ ಸಮುದ್ರದ ಹಿನ್ನೀರಿನ ಕಡೆ ಸೊಪ್ಪು ಬೆಳೆಯುವವರಿದ್ದಾರೆ, ಕಲ್ಯಾಣದ ಆಚೆ ಇದ್ದಾರೆ, ಐರೋಲಿಯ ಕಡೆಯೂ ಒಂದಿಷ್ಟು ಜನ. ಕೆಸುವನ್ನು ಮರಾಠಿಯಲ್ಲಿ ಅಳೂ ಎನ್ನುತ್ತಾರೆ. ಅದರ ಎಲೆಯಿಂದ ಅವರು ಅಳೂವಡಿ ಮಾಡುತ್ತಾರೆ, ನಾವು ಪತ್ರೊಡೆ ಮಾಡುತ್ತೇವೆ, ಯಾರದ್ದು ಹೆಚ್ಚು ರುಚಿ ಎಂಬ ವಾದ ನಮ್ಮ ಬಿಲ್ಡಿಂಗಿನಲ್ಲಿ ಪ್ರತಿ ಮಳೆಗಾಲ ಎದ್ದು ಪ್ರತಿ ಚೌತಿಗೆ ತಣ್ಣಗಾಗುತ್ತದೆ. ಹೊಲಗಳು ಸಾಲದೆಂದು ನಮ್ಮ ಅಪ್ಪನ ಹೋಟೆಲಿನಿಂದಲೂ ಎಲೆ ತಂದೆ. ಠಾಕುರ್ಲಿ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ಇಡ್ಲಿ, ವಡೆ, ಬನ್ಸ್. ಆಟಿ ತಿಂಗಳಲ್ಲಿ, ಅಂದರೆ ಜಡಿಮಳೆಯ ಆಷಾಢದಲ್ಲಿ, ಶನಿವಾರ ಪತ್ರೊಡೆ. ಅಡುಗೆ ಭಟ್ರು ಉಡುಪಿಯಿಂದ ಬಂದು ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಆ ಒಲೆಯ ಮುಂದೆ ಕಳೆದವರು. ದಂಟು ಕತ್ತರಿಸಿ, ದಪ್ಪ ನರ ಸವರಿ, ಎಲೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಾನು ಆ ರಾಶಿಗಳಿಂದ ತುಂಡುಗಳನ್ನು ತೆಗೆದು ಪ್ಯಾಕೆಟ್ಟಿಗೆ ಹಾಕುತ್ತ ಕೇಳಿದೆ:

“ಭಟ್ರೇ, ಇದೆಲ್ಲ ಒಂದೇ ಅಲ್ವಾ?”

“ಒಂದೇ ಮಾರಾಯ್ತಿ. ಪತ್ರೊಡೆ ಎಲೆ. ಬೇರೆ ಎಂತ?”

ನಾನು ಬರೆದುಕೊಂಡೆ: ‘ಪತ್ರೊಡೆ ಎಲೆ. ಕಲ್ಯಾಣ್ ಮಾರ್ಕೆಟ್.’ ಅಪ್ಪ ಸೊಪ್ಪು ತರುವುದು ಅಲ್ಲಿಂದಲೇ ಎಂದು ನನಗೆ ಚಿಕ್ಕಂದಿನಿಂದ ಗೊತ್ತು, ಯಾರನ್ನು ಕೇಳಬೇಕು?

ನನ್ನ ನೋಟ್‌ಬುಕ್ಕಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಓದಿದ್ದು ಡೊಂಬಿವ್ಲಿಯ ಕನ್ನಡ ಶಾಲೆಯಲ್ಲಿ. ಅವಸರವಾದರೆ ಕೈ ತಾನಾಗಿ ಕನ್ನಡಕ್ಕೆ ಓಡುತ್ತದೆ. ಯಾರು ಯಾವ ಭಾಷೆಯಲ್ಲಿ ಹೇಳಿದರೂ ನನ್ನ ಪುಟದಲ್ಲಿ ಅದು ಕನ್ನಡ ಅಕ್ಷರ. ಲ್ಯಾಬಿನಲ್ಲಿ ಧಾರವಾಡದವರೊಬ್ಬರನ್ನು ಬಿಟ್ಟರೆ ಅದನ್ನು ಓದಬಲ್ಲವರಿರಲಿಲ್ಲ. ಇದು ನನಗೆ ಒಳಗೊಳಗೇ ಜಂಬದ ವಿಷಯವಾಗಿತ್ತು.

ರೋಗ ಪರೀಕ್ಷೆಯ ಕ್ರಮ ಸರಳ. ಡಬ್ಬಿಯ ತಳಕ್ಕೆ ಒದ್ದೆ ಟಿಶ್ಯೂ ಹಾಸಿ, ಎಲೆಯ ತುಂಡನ್ನು ಅಂಗಾತ ಮಲಗಿಸಿ, ರೋಗದ ಕಣಗಳಿರುವ ನೀರಿನ ಒಂದು ಹನಿ ಬಿಟ್ಟು ಮುಚ್ಚಬೇಕು. ಐದು ದಿನದ ಮೇಲೆ ಚುಕ್ಕೆಯ ಅಗಲ ಅಳೆಯಬೇಕು. ನಮ್ಮ ಗಾಜಿನ ತಟ್ಟೆಗಳು ಕೆಸುವಿಗೆ ಚಿಕ್ಕವಾದವು. ನಾನು ಹೋಟೆಲಿನಿಂದ ಸಾಂಬಾರ್ ಪಾರ್ಸೆಲ್ ಮಾಡುವ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದೆ. ಪ್ರಾಜೆಕ್ಟಿನ ಮುಖ್ಯಸ್ಥೆ, ನಮ್ಮ ಮೇಡಂ, ಒಂದನ್ನು ತಲೆಕೆಳಗು ಮಾಡಿ ನೋಡಿ, ಮುಚ್ಚಳ ಬಿಗಿಯಾಗಿದೆ ಎಂದು ಒಪ್ಪಿದರು. ಐದನೇ ದಿನ ಡಬ್ಬಿಗಳನ್ನು ತೆರೆದರೆ ಎಲ್ಲೆಡೆ ಕೊಳೆತ ಕಂದು ಬಣ್ಣ. ಆದರೆ ಹೋಟೆಲಿನಿಂದ ತಂದವುಗಳಲ್ಲಿ ಆರು ತುಂಡುಗಳು ಈಗಷ್ಟೇ ಕೊಯ್ದ ಹಾಗೆ ಹಸಿರಾಗಿದ್ದವು.

ಚಳಿಗಾಲದಲ್ಲಿ ಡಿಎನ್‌ಎ ಓದಿಸಿದ ಫೈಲುಗಳು ಬಂದವು. ಇನ್ನು ಕಂಪ್ಯೂಟರ್ ಕೆಲಸ. ಪ್ರತಿ ಮಾದರಿಯಿಂದ ಬಂದ ಚೂರುಪಾರು ಓದುಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳ ತುಣುಕುಗಳನ್ನು, ಕೆಸುವಿನ ಪೂರ್ಣ ಜೀನೋಮಿನ ಮೇಲೆ ಕೂಡಿಸಿ, ಯಾರು ಯಾರಿಗೆ ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿ, ಒಂದೊಂದು ಗಿಡವನ್ನು ಒಂದೊಂದು ಚುಕ್ಕಿಯಾಗಿ ಚಿತ್ರಿಸಬೇಕು. ಚಿತ್ರ ಮೂಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಎಲ್ಲ ಚುಕ್ಕಿಗಳೂ ಒಂದು ಕಡೆ ಗುಂಪಾಗಿವೆ. ಆ ಆರು ಮಾತ್ರ ಬಲಗಡೆ ಮೂಲೆಯಲ್ಲಿ, ಮದುವೆಮನೆಗೆ ಬಂದ ಬೀಗರ ಹಾಗೆ ಠೀವಿಯಿಂದ ಕೂತಿವೆ. ರೋಗ ತಡೆಯುವ ಜೀನುಗಳ ಪಟ್ಟಿಯಲ್ಲಿ ಒಂದು ಜೀನು ಆ ಆರರಲ್ಲಿ ಒಂದು ಥರ, ಉಳಿದೆಲ್ಲದರಲ್ಲಿ ಇನ್ನೊಂದು ಥರ.

ವಿಶ್ಲೇಷಣೆಯಲ್ಲಿ ನನಗೆ ಕೈ ಹಿಡಿದು ಕಲಿಸಿದವರು ಆ ಧಾರವಾಡದವರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಸರ್ ಎಂದರೆ ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅವರು ಚಿತ್ರ ನೋಡಿ ಗಡ್ಡ ಕೆರೆದುಕೊಂಡರು.

“ಚಿತ್ರ ಛಲೋ ಬಂದೈತಿ. ಆದ್ರ ಈ ಆರು ಮಾದರಿ ಜೀನೋಮಿನ ಮ್ಯಾಲೆ ಸರಿಯಾಗಿ ಕೂಡವಲ್ವು ನೋಡು. ಉಳಿದಾವೆಲ್ಲಾ ಕೂತಾವ. ಇವು ಅರ್ಧಕ್ಕರ್ಧ ಹೊರಗ ಉಳದಾವ. ಯಾಕೋ ಬ್ಯಾರೆ ಊರಿಂದ ಬಂದಂಗ ಅದಾವ, ತಂಗಿ.”

“ಲೋಳೆ ಸರ್. ಡಿಎನ್‌ಎ ಶುದ್ಧ ಇರಲಿಲ್ಲ” ಎಂದು ಖಂಡಿತವಾಗಿ ಹೇಳಿದೆ. ಲೋಳೆಯ ಮೇಲೆ ನನಗಿದ್ದ ಹಳೆಯ ಸಿಟ್ಟು ಅಷ್ಟಿತ್ತು. ಅವರೂ ಒಪ್ಪಿ ಮುಂದಿನ ಫೈಲಿಗೆ ಹೋದರು. ಮೇಡಂ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, “ಇದೇ ನಿನ್ನ ಪಿಎಚ್‌ಡಿ” ಎಂದರು. ನಾನು ಅರ್ಜಿಯ ಜೊತೆ ಕೊಡಬೇಕಾದ ಸಂಶೋಧನಾ ಪ್ರಸ್ತಾವವನ್ನು ಪೂರ್ತಿ ಆ ಆರು ಚುಕ್ಕಿಗಳ ಮೇಲೆ ಕಟ್ಟಿದೆ. ಸಂದರ್ಶನ ಮುಂದಿನ ಜುಲೈಗೆ ನಿಗದಿಯಾಯಿತು. ಮೇಡಂ ಒಂದೇ ಕೊರತೆ ತೋರಿಸಿದರು: “ಎಲೆ ಇದೆ, ಗಿಡ ಇಲ್ಲ. ಈ ಮಳೆಗೆ ಅದೇ ರೈತರ ಹತ್ತಿರ ಹೋಗಿ ಗಿಡವನ್ನೇ ತಾ.”

ಹಾಗಾಗಿ ಸಂದರ್ಶನಕ್ಕೆ ಹನ್ನೆರಡು ದಿನ ಇರುವಾಗ, ಆ ಮಳೆಗಾಲದ ಮೊದಲ ಪತ್ರೊಡೆಯ ಶನಿವಾರ, ನಾನು ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದೆ. ಭಟ್ರು ಅಕ್ಕಿ ಮಸಾಲೆ ಹಚ್ಚಿ ಎಲೆ ಸುರುಳಿ ಸುತ್ತುತ್ತಿದ್ದರು.

“ಭಟ್ರೇ, ಕಳೆದ ವರ್ಷ ನಾನು ಎಲೆ ತಕೊಂಡು ಹೋದೆ ನೆನಪುಂಟಾ? ಅದು ಕಲ್ಯಾಣ್ ಮಾರ್ಕೆಟಲ್ಲಿ ಯಾರ ಹತ್ರ ತಂದದ್ದು?”

“ಯಾವುದು? ಎರಡು ರಾಶಿ ಇತ್ತಲ್ಲ.”

“ಎರಡಾ?”

“ಒಂದು ಮಾರ್ಕೆಟ್‌ದ್ದು. ಇನ್ನೊಂದು ಕಟ್ಟು ನಿನ್ನ ದೊಡ್ಡಮ್ಮ ಊರಿಂದ ಬಸ್ಸಲ್ಲಿ ಕಳಿಸಿದ್ದು. ಮರಕೆಸು. ಅದಕ್ಕೆ ನಾನು ಹುಳಿ ಕಡಿಮೆ ಹಾಕಿದ್ದೆ, ಅದು ತುರಿಸುದಿಲ್ಲ. ಈ ಮಾರ್ಕೆಟಿನ ಅಳೂವಿಗೆ ಹುಳಿ ಜಾಸ್ತಿ ಹಾಕದಿದ್ರೆ ಗಿರಾಕಿ ಗಂಟಲು ಹಿಡ್ಕೊಂಡು ಓಡ್ತಾನೆ.”

ಮರಕೆಸು ಮಳೆಗಾಲದಲ್ಲಿ ಮರಗಳ ಮೇಲೆ, ಕೊಂಬೆಗಳ ಸಂದಿಯಲ್ಲಿ ಹುಟ್ಟುವ ಗಿಡ. ಕರಾವಳಿಯವರಿಗೆ ಪತ್ರೊಡೆಗೆ ಅದೇ ಮೇಲು. ಎಲೆ ಕೆಸುವಿನ ಹಾಗೇ; ದಂಟು ನರ ತೆಗೆದ ಮೇಲಂತೂ ನನ್ನಂಥವಳಿಗೆ ಗುರುತು ಸಿಗುವುದಿಲ್ಲ. ಆದರೆ ಅದು ಕೆಸುವಿನ ತಳಿಯಲ್ಲ, ಕುಲವೇ ಬೇರೆ.

“ನೀವು ಒಂದೇ ಅಂತ ಹೇಳಿದ್ದಿರಲ್ಲ!”

“ಹೌದಲ್ಲ, ಎರಡೂ ಪತ್ರೊಡೆ ಎಲೆಯೇ. ನೀನು ಯಾವ ಗಿಡ ಅಂತ ಕೇಳಿದ್ದಾ?”

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಡುಗೆಮನೆಯಲ್ಲಿ ಎಲೆಗೆ ಹೆಸರು ಬರುವುದು ಅದರಿಂದ ಏನು ಮಾಡುತ್ತಾರೆ ಎಂಬುದರಿಂದ. ನಾನೂ ಅದೇ ಅಡುಗೆಮನೆಯ ಮಗಳಾಗಿ ಅದನ್ನೇ ನಂಬಿ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಗಲ್ಲಾದಿಂದ ಅಪ್ಪ ಕೂಗಿ ಕೇಳಿದರು: “ದಾದ ಆಂಡ್ ಮಗಾ?” ಏನಾಯಿತು ಎಂದು ಹೇಳಲು ನನಗೆ ತುಳುವೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಮರಾಠಿಯ ಅಳೂ ನಂಬಿ ಹೋದವಳಿಗೆ ಕನ್ನಡದ ಅಳು ಬಂತು.

ಸೋಮವಾರ ಬೆಳಿಗ್ಗೆ ಧಾರವಾಡದ ಸರ್ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವರು ಆ ಆರು ಫೈಲುಗಳನ್ನು ತೆರೆದರು. ಗಿಡದ ಹಸಿರುಕಣದಲ್ಲಿ ಒಂದು ಜೀನಿದೆ, ಗಿಡ ಯಾವ ಕುಲದ್ದು ಎಂದು ಗುರುತಿಸಲು ಜಗತ್ತಿನಾದ್ಯಂತ ಅದನ್ನೇ ಬಳಸುತ್ತಾರೆ. ಆ ಭಾಗದ ಓದುಗಳನ್ನು ಹೆಕ್ಕಿ ಜೋಡಿಸಿ ಸಾರ್ವಜನಿಕ ಸಂಗ್ರಹದಲ್ಲಿ ಹೋಲಿಸಿ ನೋಡಲು ನಮಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಆರಕ್ಕೆ ಆರೂ ಮರಕೆಸು.

“ನಾ ಹೇಳಿದ್ನಿಲ್ಲೋ, ಬ್ಯಾರೆ ಊರಿಂದ ಬಂದಾವ ಅಂತ?” ಎಂದವರು ನನ್ನ ಮುಖ ನೋಡಿ ತಡೆಯಲಾರದೆ ನಕ್ಕುಬಿಟ್ಟರು. “ಖರೇನ ಬಸ್ ಹತ್ತಿ ಬಂದಾವಲ್ಲ ತಂಗಿ!”

ನನಗೂ ನಗು ಬಂತು. ಅಳುತ್ತಿದ್ದವಳು ನಕ್ಕೆ, ನಗುತ್ತ ಮತ್ತೆ ಅತ್ತೆ. ಮಾವನ್ನು ಹಲಸಿನ ಜೊತೆ ಹೋಲಿಸಿ, ಎರಡಕ್ಕೂ ಇರುವ ಸಾವಿರಾರು ವ್ಯತ್ಯಾಸಗಳಲ್ಲಿ ಒಂದನ್ನು ಹಿಡಿದು, ಸಿಹಿಗೆ ಇದೇ ಕಾರಣ ಎಂದು ಘೋಷಿಸಿದ ಹಾಗೆ ಆಗಿತ್ತು ನನ್ನ ಕೆಲಸ.

ಮೇಡಂಗೆ ಹೇಳಿದೆ. ಅವರು ಎದ್ದು ಗೋಡೆಯ ಮೇಲಿನ ಚಿತ್ರವನ್ನು ಹತ್ತಿರದಿಂದ ನೋಡಿದರು, ಮೊದಲ ಸಲ ನೋಡುತ್ತಿರುವಂತೆ. ಬೈಯಲಿಲ್ಲ. “ನಾನೂ ಕೇಳಬೇಕಿತ್ತು” ಎಂದರು. ಆಮೇಲೆ ದಾರಿಗಳನ್ನು ನನ್ನ ಮುಂದಿಟ್ಟರು. ಪ್ರಸ್ತಾವ ಆಗಲೇ ಸಮಿತಿಯ ಕೈ ಸೇರಿದೆ. ಈ ವರ್ಷ ಹಿಂದೆ ತೆಗೆದುಕೊಂಡರೆ ಯಾರೂ ಕೇಳುವುದಿಲ್ಲ, ಮುಂದಿನ ವರ್ಷ ಸೀಟು ಇದ್ದರೆ ಇದ್ದೀತು. ಇಲ್ಲದಿದ್ದರೆ ಹೋಗಿ ತಪ್ಪನ್ನು ನಾನೇ ಹೇಳಬೇಕು, ಆಮೇಲೆ ಅವರು ಏನು ಬೇಕಾದರೂ ಕೇಳಬಹುದು. “ಬುಧವಾರ ಹೇಳು” ಎಂದರು.

ಯೋಚಿಸುವ ಮೊದಲು ಇನ್ನೆಷ್ಟು ತಪ್ಪುಗಳಿವೆ ಎಂದು ತಿಳಿಯಬೇಕಿತ್ತು. ಅಂದು ಮಧ್ಯಾಹ್ನ ನೋಟ್‌ಬುಕ್ಕಿನ ಸಾಲು ಸಾಲನ್ನೂ ಮೇಲಧಿಕಾರಿಯ ಹಾಗೆ ಪ್ರಶ್ನಿಸುತ್ತ ಹೋದೆ. ಇದನ್ನು ಹೇಗೆ ಬಲ್ಲೆ? ಯಾರು ಹೇಳಿದರು? ನೀನು ನೋಡಿದೆಯಾ? ದಿವಾದ ಪುಟದಲ್ಲಿ ಮಳೆ ಬಿದ್ದು ಶಾಯಿ ಹರಡಿದ ಒಂದು ಸಾಲಿತ್ತು: ‘ಕೊನೆಯ ಸಾಲು. ಹಟ್ಟಿ. ರೋಗ ಇಲ್ಲ.’ ಅದರ ಎದುರು ಕೆಂಪು ಗೀಟು. ಆ ಮಾದರಿಯನ್ನು ನಾನೇ ಕೈಬಿಟ್ಟಿದ್ದೆ. ನಮ್ಮ ಕರಾವಳಿಯ ಕಡೆ ಹಟ್ಟಿ ಎಂದರೆ ದನದ ಕೊಟ್ಟಿಗೆ. ಕೊಟ್ಟಿಗೆಯ ಪಕ್ಕದ ಗಿಡಕ್ಕೆ ಸಗಣಿ ಗೊಬ್ಬರ ಹೆಚ್ಚು ಸಿಗುತ್ತದೆ, ಬೇರೆ ಗಿಡಗಳ ಜೊತೆ ಅದನ್ನು ಹೋಲಿಸುವುದು ನ್ಯಾಯವಲ್ಲ ಎಂದು ತೆಗೆದುಹಾಕಿದ್ದೆ. ಬಹಳ ಶಿಸ್ತಿನ ಕೆಲಸ ಮಾಡಿದೆನೆಂದು ಆಗ ಬೆನ್ನು ತಟ್ಟಿಕೊಂಡಿದ್ದೂ ನೆನಪಿದೆ.

ಮರುದಿನ ಬೆಳಿಗ್ಗೆ ಠಾಕುರ್ಲಿಯಿಂದ ಸ್ಲೋ ಲೋಕಲ್ ಗಾಡಿ ಹಿಡಿದು ದಿವಾದಲ್ಲಿ ಇಳಿದೆ. ಇಳಿದೆ ಎನ್ನುವುದಕ್ಕಿಂತ ಹತ್ತುವವರ ನಡುವಿನಿಂದ ಹೇಗೋ ಹೊರಬಿದ್ದೆ. ಸ್ಟೇಷನ್ ಹಿಂದಿನ ಚಾಳುಗಳನ್ನು ದಾಟಿ, ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಆ ಹೊಲ ತಲುಪಿದಾಗ ಹೊಲದೊಡತಿ ಪಾಲಕ್ ಕಟ್ಟು ಕಟ್ಟುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮ ಎನ್ನುವ ಹಾಗೆ ನಾನು ಅವರನ್ನು ಮಾವಶಿ ಎನ್ನುತ್ತಿದ್ದೆ. ಐವತ್ತು ದಾಟಿದ ಹೆಂಗಸು, ನೀಲಿ ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಮೇಲಿಂದ ಇಳಿಬಿಟ್ಟು ಕೂತಿದ್ದರು. ನನ್ನನ್ನು ಗುರುತು ಹಿಡಿದರು. ನಾನು ಸುತ್ತ ನೋಡಿದೆ. ಕೆಸು, ಪಾಲಕ್, ಮೆಂತೆ, ಒಂದು ಪಂಪು, ದೂರದಲ್ಲಿ ಬಿಲ್ಡಿಂಗುಗಳ ಗೋಡೆ. ದನ ಇರಲಿ, ದನದ ಬಾಲವೂ ಇಲ್ಲ.

“ಗೋಠಾ ಕುಠೆ ಆಹೆ, ಮಾವಶಿ?” ಕೊಟ್ಟಿಗೆ ಎಲ್ಲಿ ಎಂದು ಕೇಳಿದೆ.

“ಗೋಠಾ?” ಅವರು ಕಟ್ಟುವುದನ್ನು ನಿಲ್ಲಿಸಿದರು. “ಅಗ ಪೋರೀ, ಇಥೆ ಮಾಣಸಾಂನಾಚ್ ಜಾಗಾ ನಾಹೀ!”

ದಿವಾದಲ್ಲಿ ಮನುಷ್ಯರಿಗೇ ಜಾಗ ಇಲ್ಲ ಎಂದು ಹೇಳಲು ದಿವಾದವರೇ ಬೇಕು. ನಾನು ಕೊನೆಯ ಸಾಲನ್ನು ತೋರಿಸಿ, ಕಳೆದ ವರ್ಷ ನೀವು ಇದನ್ನು ಏನೋ ಅಂದಿದ್ದಿರಲ್ಲ ಎಂದೆ. ಅವರು ಮಗುವಿನ ಬಗ್ಗೆ ಹೇಳುವಂತೆ ಹೇಳಿದರು: “ಹೀ ಓಳ್ ಹಟ್ಟೀ ಆಹೆ. ಮರತಚ್ ನಾಹೀ.”

ಹಟ್ಟೀ. ಹಟಮಾರಿ. ಈ ಸಾಲು ಹಟಮಾರಿ, ಸಾಯುವುದೇ ಇಲ್ಲ. ಹುಟ್ಟಿದಂದಿನಿಂದ ಕೇಳಿದ ಮರಾಠಿ ಮಾತನ್ನು ನಾನು ಮಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದು, ಕೆಲವು ದಿನ ಕಳೆದ ಮೇಲೆ ಕನ್ನಡವಾಗಿ ಓದಿ, ಇಲ್ಲದ ದನಕ್ಕೆ ಕೊಟ್ಟಿಗೆ ಕಟ್ಟಿದ್ದೆ. ಬೇಡದ ಆರು ಎಲೆ ಒಳಗೆ ಬಂದದ್ದೂ ಆ ನೋಟ್‌ಬುಕ್ಕಿನಿಂದ, ಬೇಕಾದ ಒಂದು ಗಿಡ ಹೊರಗೆ ಹೋದದ್ದೂ ಅದರಿಂದಲೇ. ನಾನು ಆ ಕೆಸರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವಶಿಗೆ ಕಾರಣ ಹೇಳಿದಾಗ ಅವರು ಪ್ಲಾಸ್ಟಿಕ್ ಹಾಳೆಯೊಳಗೆ ಕುಲುಕುತ್ತ ನಕ್ಕರು. ಅಕ್ಕಪಕ್ಕದ ಸಾಲುಗಳಲ್ಲಿ ಕಂದು ಚುಕ್ಕೆಗಳು ಆಗಲೇ ಹರಡಿದ್ದವು. ಹಟ್ಟಿಯ ಎಲೆಗಳ ಮೇಲೆ ನೀರಿನ ಹನಿ ಮಾತ್ರ ಉರುಳಾಡುತ್ತಿತ್ತು.

ಈ ಸಲ ಬುದ್ಧಿ ಬಂದಿತ್ತು. ಎಲೆಯ ಜೊತೆ ದಂಟು, ಬುಡದ ಮಣ್ಣು, ಗಿಡದ ಫೋಟೋ ಎಲ್ಲ ತೆಗೆದುಕೊಂಡೆ. ಪಕ್ಕದ ಸಾಲಿನ ಎಲೆಗಳನ್ನೂ ತಂದೆ, ಹೋಲಿಕೆಗೆ. ಅಂದೇ ಅದು ಅಪ್ಪಟ ಕೆಸು ಹೌದೇ ಎಂದು ಸಸ್ಯಶಾಸ್ತ್ರದವರಿಗೆ ತೋರಿಸಿ ಖಾತ್ರಿ ಮಾಡಿಕೊಂಡೆ. ಪಾರ್ಸೆಲ್ ಡಬ್ಬಿಗಳು ಮತ್ತೆ ಸಾಲಾಗಿ ಕೂತವು. ಧಾರವಾಡದ ಸರ್ ಹಟ್ಟಿಯಲ್ಲಿ ನನ್ನ ಹಳೆಯ ಪ್ರೀತಿಯ ಜೀನಿದೆಯೇ ಎಂದು ಪಿಸಿಆರ್ ಮಾಡಿಸಿ ನೋಡಿದರು. ಆ ರೂಪ ಅಲ್ಲಿರಲಿಲ್ಲ. ಅಲ್ಲಿಗೆ ಆ ಜೀನಿನ ಕಥೆ ಮುಗಿಯಿತು. ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಅದರ ಹೆಸರು ಸಂಖ್ಯೆ ಎಲ್ಲ ನನಗೆ ಬಾಯಿಪಾಠವಾಗಿತ್ತು.

ಬುಧವಾರ ಮೇಡಂ ಕೋಣೆಗೆ ಹೋಗಿ ಹೇಳಿದೆ: “ಹೋಗುತ್ತೇನೆ. ಮೊದಲ ಸ್ಲೈಡೇ ಆ ತಪ್ಪು ಚಿತ್ರ.”

“ಡಬ್ಬಿ ತೆರೆಯುವ ಮೊದಲೇ ನಿರ್ಧಾರ ಮಾಡಿದೆಯಾ? ಹಟ್ಟಿಯೂ ಕೊಳೆತರೆ?”

“ಕೊಳೆತರೆ ಎರಡನೇ ಸ್ಲೈಡ್ ಅದು.”

ಅವರು ಕನ್ನಡಕ ತೆಗೆದು ಒರೆಸಿದರು. ನಾನು ಹೊರಗೆ ಬಂದೆ. ಒಂದೇ ಸೀಟು. ಅದನ್ನು ನನ್ನ ಕೈಯಾರೆ ಬಾಗಿಲ ಹೊರಗಿಟ್ಟು ಬಂದೆನೇನೋ ಎನ್ನಿಸಿತು. ಆದರೂ ಅಂದು ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಠಾಣೆಯವರೆಗೆ ನಿಂತುಕೊಂಡೇ ಬಂದವಳಿಗೆ ಹಗುರವಾಗಿತ್ತು. ಅದಕ್ಕೆ ಹಿಂದಿನ ಐದಾರು ತಿಂಗಳು ಆ ಚಿತ್ರದ ಮುಂದೆ ನಿಂತಾಗಲೆಲ್ಲ ಏನೋ ಒಂದು ಚುಚ್ಚುತ್ತಿತ್ತೆಂದು ಆಗ ಗೊತ್ತಾಯಿತು.

ಐದನೇ ದಿನ ಡಬ್ಬಿ ತೆರೆದೆವು. ಮೊದಲು ಪಕ್ಕದ ಸಾಲಿನದು: ಕೊಳೆತು ವಾಸನೆ. ಆಮೇಲೆ ಹಟ್ಟಿ. ಚುಕ್ಕೆ ಇತ್ತು. ನನ್ನ ಮುಖ ಬಾಡಿತು. ಧಾರವಾಡದ ಸರ್ ಅಳತೆಪಟ್ಟಿ ಇಟ್ಟು, “ಏ ತಂಗಿ, ನೋಡಿಲ್ಲೆ. ಶೇಂಗಾದಷ್ಟು ಐತಿ, ಅಷ್ಟಕ್ಕ ನಿಂತೈತಿ” ಎಂದರು. ನಿಜ. ಹನಿ ಬಿದ್ದ ಜಾಗದಲ್ಲಿ ಶೇಂಗಾ ಕಾಳಿನಷ್ಟು ಒಣಗಿದ ಕಲೆ, ಸುತ್ತ ಹಸಿರು. ರೋಗ ಒಳಗೆ ಬಂದಿತ್ತು, ಗಿಡ ಅದನ್ನು ಅಲ್ಲೇ ಕೂರಿಸಿತ್ತು. ಮರಕೆಸುವಿನ ಹಾಗೆ ರೋಗ ತಟ್ಟದೇ ಉಳಿದದ್ದಲ್ಲ, ತಟ್ಟಿಸಿಕೊಂಡು ಗೆದ್ದದ್ದು. ಶುಕ್ರವಾರವೇ ಎರಡನೇ ಸಲ ಹೊಸ ಎಲೆ ತಂದು ಹಾಕಿದ್ದೆವು. ಸಂದರ್ಶನದ ಹಿಂದಿನ ದಿನ ಅದನ್ನು ತೆರೆದಾಗಲೂ ಅದೇ ಶೇಂಗಾ ಕಾಳು. ನಾನು ಮತ್ತೆ ಒಂದು ಸುತ್ತು ಕುಣಿದೆ, ಈ ಸಲ ಮೇಡಂ ನೋಡಿದರು.

ಸಮಿತಿಯಲ್ಲಿ ಐವರಿದ್ದರು. ನಾನು ಮೊದಲ ಸ್ಲೈಡ್ ಹಾಕಿ, “ನಿಮ್ಮ ಕೈಯಲ್ಲಿರುವ ಪ್ರಸ್ತಾವದ ಮುಖ್ಯ ಚಿತ್ರ ಇದು. ಬಲಗಡೆ ಇರುವ ಆರು ಚುಕ್ಕಿ ಬೇರೆ ಗಿಡ. ತಪ್ಪು ನನ್ನದು” ಎಂದೆ. ಹುಳಿಯ ಕಥೆ ಹೇಳಿದೆ. ಹಟ್ಟಿಯ ಕಥೆ ಹೇಳುವಾಗ ಮರಾಠಿ ಬಲ್ಲ ಇಬ್ಬರು ನಕ್ಕರು. ಹೊರಗಿನಿಂದ ಬಂದಿದ್ದ ಹಿರಿಯ ವಿಜ್ಞಾನಿ ಮಾತ್ರ ನಗಲಿಲ್ಲ.

“ಹಾಗಾದರೆ ನಿಮ್ಮ ಕೈಯಲ್ಲಿ ಈಗ ಜೀನಿಲ್ಲ.”

“ಇಲ್ಲ ಸರ್. ಆಗ ಜೀನಿತ್ತು, ಗಿಡ ಇರಲಿಲ್ಲ. ಈಗ ಗಿಡ ಇದೆ.”

“ಒಂದು ಸಾಲು ಗಿಡ. ಅದು ಮಣ್ಣಿನ ಗುಣ ಇರಬಹುದು. ತಳಿಯ ಗುಣ ಎಂದು ಹೇಗೆ ತೋರಿಸುತ್ತೀರಿ?”

ಇದೇ ಪ್ರಶ್ನೆಯನ್ನು ನಾನು ಒಂಬತ್ತು ದಿನದಿಂದ ನನಗೆ ಕೇಳಿಕೊಳ್ಳುತ್ತಿದ್ದೆ. ಹಟ್ಟಿಯ ಗೆಡ್ಡೆಗಳನ್ನೂ ಪಕ್ಕದ ಸಾಲಿನ ಗೆಡ್ಡೆಗಳನ್ನೂ ಒಂದೇ ಮಣ್ಣಿನ ಕುಂಡಗಳಲ್ಲಿ ಬೆಳೆಸಿ ಪರೀಕ್ಷಿಸುತ್ತೇನೆ ಎಂದೆ. ಕೆಸು ಹೂ ಬಿಡುವುದೇ ಅಪರೂಪ; ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಹೂ ಬರಿಸಿ, ರೋಗ ತಗಲುವ ಗಿಡದೊಂದಿಗೆ ಸಂಕರ ಮಾಡಿ, ಬೀಜದಿಂದ ಸಸಿ ಎಬ್ಬಿಸುತ್ತೇನೆ; ಆ ಸಸಿಗಳಲ್ಲಿ ಯಾವುದು ತಡೆಯುತ್ತದೆ, ಯಾವುದು ಸೋಲುತ್ತದೆ ಎಂದು ನೋಡಿ, ಗೆದ್ದವುಗಳಲ್ಲೆಲ್ಲ ಇರುವ ಜೀನೋಮಿನ ಭಾಗವನ್ನು ಹುಡುಕುತ್ತೇನೆ. “ಮೊದಲಿನ ದಾರಿಯಲ್ಲಿ ಒಂದು ಚಿತ್ರ ಸಾಕಿತ್ತು ಸರ್. ಇದಕ್ಕೆ ನಾಲ್ಕು ವರ್ಷ ಬೇಕು.”

“ಅದಕ್ಕೇ ಇದನ್ನು ಪಿಎಚ್‌ಡಿ ಎನ್ನುತ್ತಾರೆ” ಎಂದರು ಅವರು. ಆಗ ಅವರೂ ನಕ್ಕರು.

ಮೂರನೇ ದಿನ ಮಧ್ಯಾಹ್ನ ಮೇಲ್ ಬಂತು. ನಾನು ಠಾಣೆಯಲ್ಲಿ ಗಾಡಿ ಬದಲಿಸಲು ಸೇತುವೆಯ ಮೇಲಿದ್ದೆ. ಓದಿ ಅಲ್ಲೇ ನಿಂತುಬಿಟ್ಟೆ. ಹಿಂದಿನವರು ನಾಲ್ಕು ಭಾಷೆಯಲ್ಲಿ ಬೈದು ಮುಂದೆ ಹೋದರು. ಅಪ್ಪನಿಗೆ ಫೋನ್ ಮಾಡಿದರೆ ಅವರು ಅಡುಗೆಮನೆಯ ಕಡೆಗೆ ಕೂಗಿ ಸುದ್ದಿ ಹೇಳಿದರು. ಫೋನು ಕೈ ಬದಲಾಗಿ ಭಟ್ರ ದನಿ ಬಂತು: “ಡಾಕ್ಟ್ರಮ್ಮಾ, ನಿನ್ನ ಆ ಹಟ್ಟಿ ಎಲೆ ಸ್ವಲ್ಪ ತಕೊಂಡು ಬಾ. ಪತ್ರೊಡೆ ಮಾಡುವ.”

ತಂದೆ. ದಿವಾದಲ್ಲಿ ಇಳಿದು ಮಾವಶಿಗೆ ಮೊದಲು ಸುದ್ದಿ ಹೇಳಿ, ಒಂದು ಕಟ್ಟು ಎಲೆಯನ್ನೂ ಕುಂಡಕ್ಕೆ ಮೂರು ಗೆಡ್ಡೆಯನ್ನೂ ಇಸಿದುಕೊಂಡೆ. ನಿಮ್ಮ ಗಿಡದ ಹೆಸರು ಪುಸ್ತಕದಲ್ಲಿ ಹಟ್ಟಿ ಎಂದೇ ಬರುತ್ತದೆ ಎಂದಾಗ ಅವರು ನಾಚಿಕೊಂಡು ಸೊಪ್ಪಿನ ಕಡೆ ತಿರುಗಿದರು. ಸಂಜೆ ಹೋಟೆಲಿನ ಹಿಂದಿನ ಮೇಜಿನಲ್ಲಿ ಅಪ್ಪ, ಅಮ್ಮ, ಭಟ್ರು, ನಾನು ಕೂತೆವು. ಮೊದಲ ತುತ್ತಿಗೇ ಎಲ್ಲರ ಗಂಟಲೂ ಒಟ್ಟಿಗೆ ಹಿಡಿಯಿತು. ಅಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಮಜ್ಜಿಗೆಗೆ ಓಡಿದರು. ಅಪ್ಪ ಕೆಮ್ಮುತ್ತ ನಗುತ್ತಿದ್ದರು, ಅಥವಾ ಅಳುತ್ತಿದ್ದರು, ಆ ಪತ್ರೊಡೆಯ ಮುಂದೆ ತಿಳಿಯುವಂತಿರಲಿಲ್ಲ.

“ಹೆಸರಿಗೆ ತಕ್ಕ ಹಾಗೆ ಉಂಟು” ಎಂದರು ಭಟ್ರು. “ಇದಕ್ಕೆ ಹುಳಿ ಡಬಲ್ ಬೇಕು.”

ಮರುದಿನ ಲ್ಯಾಬಿನಲ್ಲಿ ಹೊಸ ದಾಖಲೆ ಪುಸ್ತಕ ತೆರೆದೆ. ಮಾದರಿ ಬರೆದುಕೊಳ್ಳುವ ಹಾಳೆಗೆ ಇನ್ನು ಮುಂದೆ ಎರಡು ಕಲಂ ಹೆಚ್ಚು; ಒಂದನ್ನು ಮೇಡಂ ಸೂಚಿಸಿದ್ದು, ಇನ್ನೊಂದನ್ನು ನಾನು ಕೇಳಿ ಹಾಕಿಸಿಕೊಂಡದ್ದು. ಮೊದಲ ಗಿಡದ ಎದುರು ಬರೆದೆ. ಹೆಸರು: ಹಟ್ಟಿ. ಯಾವ ಭಾಷೆಯ ಮಾತು: ಮರಾಠಿ. ಹುಳಿ: ಹೆಚ್ಚು.